ಮೂವತ್ತು ಸೆಕೆಂಡಿನ ಡಬ್ಬ

ಮೇ 9, ಮಂಗಳವಾರ

ಇಪ್ಪತ್ತೆರಡು ಮಣ್ಣಿನ ಗೂಳಿಗಳಿಗೆ ಕೊಂಬು ಅಂಟಿಸಿದೆ. ಆಮೇಲೆ ಪಕ್ಕದ ಮನೆಯವರ ರೇಡಿಯೊ ರಿಪೇರಿ. ಅತ್ತೆ ಸಾತುರ್ನಿನಾ ಎಡಗೈಯಲ್ಲೇ ಬಣ್ಣ ಬಳಿಯುತ್ತಿದ್ದಾರೆ; ಬಲಗೈ ಬ್ಯಾಂಡೇಜ್ ಇನ್ನೂ ಬಿಚ್ಚಿಲ್ಲ. ಹೋದ ತಿಂಗಳು ಗೂಳಿ ಸುಡುವ ಗ್ಯಾಸ್ ಗೂಡಿಗೆ ಉರಿಯುವ ಕಾಗದ ಹಿಡಿದಾಗ, ಒಳಗೆ ಕಟ್ಟಿಕೊಂಡಿದ್ದ ಗ್ಯಾಸ್ ಭುಗಿಲೆದ್ದಿತ್ತು. ನಲವತ್ತು ವರ್ಷ ಗೂಡಿನ ಮುಂದೆ ಕೂತವರು ಈಗ ಆ ಕಡೆ ತಲೆ ಹಾಕುವುದಿಲ್ಲ. ಮೈದುನ ಎಲೆಯುತೇರಿಯೊ ಹಚ್ಚುತ್ತಾನೆ, ಮುಖ ತಿರುಗಿಸಿಕೊಂಡು.

ಒಂದು ಯೋಚನೆ. ಮೊದಲು ಫ್ಯಾನ್ ಮೂವತ್ತು ಸೆಕೆಂಡು ತಿರುಗಿ ಹಳೆಯ ಗ್ಯಾಸನ್ನು ಹೊರಗಟ್ಟಬೇಕು. ಆಮೇಲೆ ವಾಲ್ವ್ ತೆರೆದು ಕಿಡಿ. ಆರು ಸೆಕೆಂಡಿನಲ್ಲಿ ಹತ್ತದಿದ್ದರೆ ಗ್ಯಾಸ್ ಬಂದ್. ಎಣಿಸುವುದು ಮನುಷ್ಯರಲ್ಲ — ಟೈಮರಿಗೆ ಕಟ್ಟಿದ ರಿಲೇ ಸ್ವಿಚ್ಚು.

ಮೇ 14, ಭಾನುವಾರ

ಹುಲಿಯಾಕಾ ಸಂತೆಯಿಂದ ರಿಲೇ ತಂದೆ. ಒಂದು ಸಲ ಟಕ್ ಅಂದಿತು, ಮತ್ತೆ ಏಳಲಿಲ್ಲ. ಟ್ರಾನ್ಸಿಸ್ಟರ್ ಸುಟ್ಟುಹೋಗಿದೆ. ರಿಲೇ ಬಂದ್ ಆಗುವಾಗ ಹಿಂದಕ್ಕೆ ಒದೆಯುವ ಕರೆಂಟನ್ನು ತಡೆಯುವ ಡಯೋಡ್ ಹಾಕುವುದನ್ನೇ ಮರೆತಿದ್ದೆ... ಇಷ್ಟು ವರ್ಷ ಊರಿನ ರೇಡಿಯೊ ಬಿಚ್ಚಿದವಳು.

ಎಲೆಯುತೇರಿಯೊ ಬಾಗಿಲಲ್ಲಿ ನಿಂತು ನಕ್ಕ.

"ಅತ್ತಿಗೆ, ಬೆಂಕಿಪೊಟ್ಟಣಕ್ಕೆ ಏನು ರೋಗ ಬಂತು?"

"ನಿನ್ನ ಹುಬ್ಬನ್ನ ಕೇಳು. ಅರ್ಧ ಎಲ್ಲೋಯ್ತು ಅಂತ ಅದೇ ಹೇಳುತ್ತೆ."

ಹುಬ್ಬು ಮುಟ್ಟಿ ನೋಡಿಕೊಂಡು ಹೋದ.

ಮೇ 23, ಮಂಗಳವಾರ

ಎಲ್ಲವನ್ನೂ ಒಂದು ಡಬ್ಬದೊಳಗೆ ಕೂರಿಸಿದೆ. ಗ್ಯಾಸ್ ಮುಚ್ಚಿ, ಕಿಡಿಯ ಬದಲು ಬರೀ ಬಲ್ಬ್ ಇಟ್ಟು ಪರೀಕ್ಷೆ. ಹತ್ತು ಸಲವೂ ಮೂವತ್ತು. ಒಂದು ಸೆಕೆಂಡೂ ಆಚೀಚೆ ಇಲ್ಲ. ನಾಳೆಯೇ ಗೂಡಿಗೆ ಜೋಡಿಸು ಅಂತ ಎಲೆಯುತೇರಿಯೊನ ಅವಸರ.

ಮೇ 24, ಬೆಳಿಗ್ಗೆ 6

ಎತ್ತರದ ನಮ್ಮೂರಿಗೆ ಮೇ ಅಂದರೆ ಚಳಿಗಾಲ; ಬಕೆಟ್ ನೀರು ಹೆಪ್ಪುಗಟ್ಟಿತ್ತು. ಯಾಕೋ ಮನಸ್ಸು ತಡೆಯಲಿಲ್ಲ, ಇನ್ನೊಮ್ಮೆ ಎಣಿಸಿದೆ. ಇಪ್ಪತ್ತೊಂದು! ಮತ್ತೆ — ಇಪ್ಪತ್ತೊಂದು. ಸಮಯ ಅಳೆಯುವ ಕೆಪಾಸಿಟರ್ ಚಳಿಗೆ ಸೊರಗುತ್ತದೆ, ಎಣಿಕೆ ಬೇಗ ಮುಗಿಸಿಬಿಡುತ್ತದೆ. ಗ್ಯಾಸ್ ಪೂರ್ತಿ ಹೊರಹೋಗುವ ಮೊದಲೇ ಕಿಡಿ ಹಾರುತ್ತಿತ್ತು. ನನ್ನ ಡಬ್ಬವೇ ಯಾರದಾದರೂ ಮುಖ ಸುಡುತ್ತಿತ್ತು.

ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ. "ಬಿರುಕು ಗೂಡಲ್ಲಿ ಸುಡೋಕ್ ಮುಂಚೆ ಕಂಡ್ರೆ ಒಳ್ಳೇದೇ ಕಣೇ" ಅಂದು ಕೋಕಾ ಎಲೆಯ ಕಷಾಯ ಬಸಿದು ಕೊಟ್ಟರು.

ಜೂನ್ 1, ಗುರುವಾರ

ಚಳಿ ತಡೆಯುವ ಬೇರೆ ಕೆಪಾಸಿಟರ್ ಹಾಕಿದೆ. ಡಬ್ಬವನ್ನು ಅಡುಗೆಮನೆ ಗೋಡೆಗೆ, ಒಲೆ ಬಿಸಿ ತಾಗುವ ಕಡೆಗೆ ತಂದೆ. ಐದು ದಿನ, ಹಿಮ ಬಿದ್ದ ಬೆಳಗುಗಳೂ ಸೇರಿ: ಮೂವತ್ತು, ಮೂವತ್ತೊಂದು, ಮೂವತ್ತು... ಮೂವತ್ತಕ್ಕಿಂತ ಕೆಳಗೆ ಒಮ್ಮೆಯೂ ಇಳಿದಿಲ್ಲ.

ಜೂನ್ 2, ಮಧ್ಯಾಹ್ನ

ಗೂಡಿನ ತುಂಬ ಗೂಳಿಗಳು. ನಾನು ಗುಂಡಿ ಒತ್ತಲು ಹೋದೆ. ಅತ್ತೆ ತಡೆದರು. ಬ್ಯಾಂಡೇಜ್ ಬಿಚ್ಚಿದ್ದರು. ಹೊಸ ಚರ್ಮ, ಗುಲಾಬಿ ಬಣ್ಣ.

"ಸ್ವಲ್ಪ ಸರಿ, ನಾನೇ ಒತ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ."

ಫ್ಯಾನ್ ಎದ್ದಿತು. ಅತ್ತೆ ಬಾಯಲ್ಲೇ ಎಣಿಸುತ್ತಿದ್ದರು. ಮೂವತ್ತು — ಟಕ್. ಕಿಡಿ. ನೀಲಿ ಉರಿ ಸದ್ದಿಲ್ಲದೆ ಹತ್ತಿತು. ಅತ್ತೆ ಹಿಂದೆ ಸರಿಯಲಿಲ್ಲ. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಜೂನ್ 5, ಸೋಮವಾರ

ಒಂದು ಗೂಳಿಯೂ ಒಡೆದಿಲ್ಲ. ಕೆಳಗಿನ ಬೀದಿಯ ಇಬ್ಬರು ಕುಂಬಾರರು ಬಂದಿದ್ದಾರೆ, ತಮಗೂ ಇಂಥದೇ ಡಬ್ಬ ಬೇಕಂತೆ. ಎಲ್ಲಿ ಕೊಂಡಿರಿ ಅಂತ ಕೇಳಿದ್ದು ಕಿಟಕಿಯಿಂದ ಕೇಳಿಸಿತು. ಅತ್ತೆಯ ಉತ್ತರವೂ.

"ಕೊಳ್ಳೋದೇನು? ನಮ್ಮನೇಲೇ ಇದ್ದಾಳಲ್ಲ ಇಂಜಿನಿಯರು. ಫಿದೇಲಿಯಾ! ಬಾರೇ ಇಲ್ಲಿ!"

ಇಂಜಿನಿಯರ್ ಅಂತೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮತ್ತೆ ಕೂಗುತ್ತಿದ್ದಾರೆ, ಹೋಗಬೇಕು, ಆದರೆ ಆ ಮಾತೊಂದನ್ನು ಬರೆದೇ ಏಳುತ್ತೇನೆ: ಇಂಜಿನಿಯರ್.