ಮೂಗಿನ ಮೇಲಿನ ವಿಭೂತಿ

ಆದೋನಿ
೧೨ ನವೆಂಬರ್ ೨೦೨೪

ಉದಯಣ್ಣನಿಗೆ,

ನಮಸ್ಕಾರ ಬರೆಯಲು ಮನಸ್ಸಿಲ್ಲ. ನಾಲ್ಕು ವರ್ಷ ದೊಡ್ಡವನು ನೀನು, ಅದಕ್ಕೊಂದು ತಗೋ. ಫೋನ್ ಮಾಡಿದರೆ "ಆಮ್ಯಾಲ ಮಾತಾಡೋಣವ್ವಾ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನ ಆಟದ ವಿಮಾನವನ್ನು ಬಳ್ಳಾರಿಯಿಂದ ಚೀಲದಲ್ಲಿ ಹಾಕಿ ಕಳಿಸಿದೆಯಲ್ಲ, ಜೊತೆಗೊಂದು ಚೀಟಿ: "ಮುರಿದಾಕೀನ ರಿಪೇರಿ ಮಾಡ್ಲಿ. ಹೊಸ ಮನಿ ಹಾಲ್‌ನ್ಯಾಗ ಗಾಜಿನ ಪೆಟ್ಟಿಗ್ಯಾಗ ಇಡ್ತೀನಿ." ಮೂವತ್ತು ವರ್ಷದಿಂದ ಇದೇ ತಮಾಷೆ ನಿನಗೆ. ನನ್ನ ಮದುವೆಯಲ್ಲೂ ಬೀಗರೆದುರು ಹೇಳಿ ನಕ್ಕಿದ್ದೆ. ಅವ್ವ ನನ್ನ ಮನೆಯಲ್ಲೇ ಇದ್ದರೂ ಇವತ್ತಿಗೂ ನಾನು ಗಾಜಿನ ಲೋಟ ಎತ್ತಿದರೆ "ಹುಷಾರವ್ವಾ, ನಿನ್ನ ಕೈಯಾಗ ಏನೂ ಉಳಿಯಂಗಿಲ್ಲ" ಎನ್ನುತ್ತಾಳೆ. ಹದಿನೈದು ವರ್ಷದಿಂದ ಊರವರ ಬಾಗಿಲು, ಮಂಚ, ತೊಟ್ಟಿಲುಗಳಿಗೆ ಪಾಲಿಶ್ ಹಾಕಿ ಅಂಗಡಿ ನಡೆಸುತ್ತಿರುವ ಕೈ ಇದು!

ಈಗ ಕೇಳು. ವಿಮಾನ ಮಾಡಿದ ಬಾಲ್ಸಾ ಕಟ್ಟಿಗೆ ಹತ್ತಿಯಷ್ಟು ಹಗುರ, ಹತ್ತಿಯ ಹಾಗೇ ಎಣ್ಣೆ ಕುಡಿಯುತ್ತದೆ. ಅಪ್ಪ ಅದರ ಪುಟ್ಟ ಇಂಜಿನ್ನಿಗೆ ಹಾಕುತ್ತಿದ್ದ ಹರಳೆಣ್ಣೆ ಇಳಿದು ವಿಮಾನದ ಮುರಿದ ಮೂಗೆಲ್ಲ ಕಪ್ಪಾಗಿತ್ತು. ಎಣ್ಣೆ ತೆಗೆಯದೆ ಅಂಟು ಹಿಡಿಯುವುದಿಲ್ಲ. ಥಿನ್ನರಿನಲ್ಲಿ ಸೀಮೆಸುಣ್ಣದ ಪುಡಿ ಕಲಸಿ ಮೆತ್ತಿದೆ. ಒಣಗುವಷ್ಟರಲ್ಲಿ ಪುಡಿ ಎಣ್ಣೆ ಹೀರಿ ಹಳದಿಯಾಯಿತು. ಉಜ್ಜಿ ತೆಗೆದು ಮತ್ತೆ ಮೆತ್ತಿದೆ. ಹೀಗೆ ಒಂಬತ್ತು ಸಲ. ಅಂಗಳದ ತುಂಬ ಅಪ್ಪನ ಅಂಗಿಯ ವಾಸನೆ ಬಂದು ಅತ್ತುಬಿಟ್ಟೆ. ಕಡೆಗೆ ಕಟ್ಟಿಗೆ ಬೆಳ್ಳಗಾದಾಗ ಮುರಿದ ಅಂಚಿನ ಮೇಲೆ ಹಳೆಯ ಅಂಟು ಕಂಡಿತು. ಅಂಟಿನೊಳಗೆ ವಿಭೂತಿ ಹೂತು ಗಟ್ಟಿಯಾಗಿತ್ತು.

ನೆನಪಾಯಿತೇನು? ಆ ಆಯುಧಪೂಜೆಗೆ ಅಪ್ಪ ನಮ್ಮ ಹತ್ತಿ ಮಿಲ್ಲಿನ ಯಂತ್ರಗಳ ಜೊತೆ ವಿಮಾನದ ರೆಕ್ಕೆಗೂ ವಿಭೂತಿ ಹಚ್ಚಿ, ನನ್ನನ್ನು ಕರೆದುಕೊಂಡು ಆಸ್ಪರಿ ಊರಿಗೆ ಹೋದ. ಮನೆಯಲ್ಲಿದ್ದವರು ನೀನು, ಅವ್ವ. ಮರಳಿ ಬಂದರೆ ಮೂಗಿನ ಮೇಲೂ ದಪ್ಪಗೆ ವಿಭೂತಿ! "ನಾನೂ ಪೂಜಿ ಮಾಡೀನಪ್ಪಾ" ಎಂದೆ ನೀನು. ಅಪ್ಪ ಹಿಗ್ಗಿಹೋದ. ದೇವರ ವಿಭೂತಿ ಒರೆಸಿ ನೋಡುವ ಮನುಷ್ಯನೇ ಅವನು? ನೀನು ಅದನ್ನು ಕದ್ದು ಎತ್ತಿ, ಕೆಡವಿ ಮುರಿದು, ಎಣ್ಣೆಯ ಮೇಲೇ ಅಂಟು ಹಚ್ಚಿ, ಬಿರುಕನ್ನು ವಿಭೂತಿಯಿಂದ ಮುಚ್ಚಿದ್ದೆ, ಕಳ್ಳ!

ಮರುದಿನ ಅಪ್ಪ ವಿಮಾನವನ್ನು ಕಟ್ಟಿ ಹಾರಿಸುವ ತಂತಿಯ ಹಿಡಿಕೆಯನ್ನು ಮೊದಲ ಸಲ ನನ್ನ ಕೈಗೆ ಕೊಟ್ಟ. ನನಗೆ ಹದಿಮೂರು. ನನ್ನ ಸುತ್ತ ಎರಡು ಸುತ್ತು ಹಾರುವಷ್ಟರಲ್ಲಿ ಇಂಜಿನ್ ಸಮೇತ ಮೂಗು ಕಳಚಿ ಬಿತ್ತು. "ಆಕಿ ಜಗ್ಗಿದಳಪ್ಪಾ" ಎಂದೆಯಲ್ಲ, ನಿನ್ನ ನಾಲಿಗೆ ಸೇದಿಹೋಗ! ಅಪ್ಪ ಅದನ್ನು ಅಟ್ಟಕ್ಕೆ ಹಾಕಿದ. ಸಾಯುವವರೆಗೂ ನನ್ನ ಕೈಗೆ ಮತ್ತೇನೂ ಕೊಡಲಿಲ್ಲ, ಮಿಲ್ಲಿನ ಬೀಗದ ಕೈಯನ್ನೂ ಸಹ.

ಭಾನುವಾರ ಬಾ. ಅವ್ವನ ಮುಂದೆ ಕೂತು ನಿನ್ನ ಬಾಯಿಂದಲೇ ನಿಜ ಹೇಳು. ಹೇಳಿದರೆ ವಿಮಾನ ತಗೊಂಡು ಹೋಗು. ಇಲ್ಲದಿದ್ದರೆ ಆ ಗಾಜಿನ ಪೆಟ್ಟಿಗೆಯಲ್ಲಿ ಬೇರೆ ಏನಾದರೂ ಇಟ್ಟುಕೋ.

ನಿನ್ನ ತಂಗಿ,
ಪ್ರತಿಮಾ

ತಾ.ಕ.: ಲಕೋಟೆ ಮುಚ್ಚುವ ಮೊದಲು ಇದನ್ನು ಅವ್ವನಿಗೆ ಓದಿ ಹೇಳಿದೆ. ಅಲಸಂದಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ವಿಭೂತಿ ಹಚ್ಚಿದಾಕಿ ನಾನವ್ವಾ. ಗೊತ್ತಾಗಿದ್ರ ನಿಮ್ಮಪ್ಪ ಅವನ ಚರ್ಮ ಸುಲೀತಿದ್ದ. ನಿನ್ನ ಮ್ಯಾಲ ಎಂದೂ ಕೈ ಎತ್ತತಿದ್ದಿಲ್ಲಲ್ಲ, ಅದಕ್ಕ ಸುಮ್ಮನಾದೆ" ಎಂದಳು. ಭಾನುವಾರ ಬರಬೇಡ, ನೀನು ಹೇಳಬೇಕಾದದ್ದು ಅವ್ವನಿಗೆ ಮೊದಲೇ ಗೊತ್ತಿತ್ತು. ಮೂಗು ಅಂಟಿಸಿದ್ದೇನೆ. ವಿಮಾನ ನನ್ನ ಹತ್ತಿರವೇ ಇರುತ್ತದೆ, ಹಾರಿಸುವವಳೂ ನಾನೇ.