ಬೆಳಕಿಗೆ ಮುಖ ಮಾಡಿದ ಅನಸುಬಾಯಿ

ಶಹಾಬಾದ್
12 ಫೆಬ್ರುವರಿ 2006

ಪ್ರಿಯ ನಂದಕಿಶೋರ್ ಸರ್‌ಗೆ ಭಗವಂತನ ನಮಸ್ಕಾರ.

ನಾನು ತೆಗೆದು ಕಳಿಸಿದ್ದ ಫೋಟೊಗಳ ಹಿಂಬದಿ ನೀವು ಬರೆದ ಟೀಕೆಗಳು ಸೇಡಂನಿಂದ ಬಂದು ಮುಟ್ಟಿದವು. ಡಿಜಿಟಲ್ ಕ್ಯಾಮೆರಾಕ್ಕೆ ನನಗಿಂತ ಜಾಸ್ತಿ ಬುದ್ಧಿ ಇದೆ ಎಂದು ನಂಬಿದ್ದವನಿಗೆ ಅವು ಬೇಕಾಗಿದ್ದವು.

ನನ್ನ ಹೆಂಡತಿ ಅನಸುಬಾಯಿಯ ಮುಖ ಪ್ರತಿ ಫೋಟೊದಲ್ಲೂ ಮಸಿಯಾಗಿ ಬರುತ್ತಿತ್ತು. "ನನ್ನ ಬಣ್ಣಾನೇ ಹಂಗದ, ಕ್ಯಾಮೆರಾಕ್ಕ ಯಾಕ ತ್ರಾಸ ಕೊಡ್ತೀರಿ?" ಎಂದು ಆಕೆ ಫೋಟೊಕ್ಕೆ ನಿಲ್ಲುವುದನ್ನೇ ಬಿಟ್ಟಿದ್ದಳು. ತಪ್ಪು ಬಣ್ಣದ್ದಲ್ಲ, ನಿಲ್ಲಿಸಿದ ಜಾಗದ್ದು ಎಂದು ನೀವು ಬರೆದಿರಿ. ನಿಜ. ನಾನು ಬಿಸಿಲು ತಾಳದೆ ಒಳಗೆ ನಿಂತು, ಆಕೆಯನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದೆ. ಬೆಳಕು ಬೆನ್ನಿಗೆ, ಮಸಿ ಕೆನ್ನೆಗೆ!

ನಿನ್ನೆ ಆಕೆಯನ್ನು ಒಳಗೆ ಕೂರಿಸಿ, ಬಾಗಿಲ ಕಡೆ ಮುಖ ಮಾಡಿಸಿದೆ. ಅಂಗಳಕ್ಕೆ ಹಾಸಿದ ಫರ್ಸಿ ಕಲ್ಲಿಗೆ ಬಿದ್ದ ಬಿಸಿಲು ಪುಟಿದು ಆಕೆಯ ಮುಖಕ್ಕೆ ಬಂತು. ಕ್ಯಾಮೆರಾದಲ್ಲಿ ತನ್ನನ್ನು ಮತ್ತೆ ಮತ್ತೆ ನೋಡಿಕೊಂಡಳು. ಆಮೇಲೆ, "ನಾ ಇಷ್ಟು ಚಂದ ಅದೀನಿ ಅಂತ ನೀವು ಒಂದಿನಾನೂ ಹೇಳ್ಲಿಲ್ಲಲ್ರೀ?" ಎಂದಳು. ಇದಕ್ಕೆ ಉತ್ತರ ನಿಮ್ಮ ಟೀಕೆಗಳಲ್ಲಿ ಸಿಗಲಿಲ್ಲ.

ನೀವು ಸನ್ನತಿಯ ನದಿ ದಂಡೆಯಲ್ಲಿ ತೆಗೆದ ಫೋಟೊ ಬಗ್ಗೆಯೂ ಕೇಳಿದ್ದೀರಿ. ಆಕಾಶ ಜಾಸ್ತಿಯಾಯಿತು, ನಿಮ್ಮ ಮನೆಯವರು ಸಣ್ಣಗಾದರು. ಇನ್ನಷ್ಟು ಹತ್ತಿರ ಹೋಗಿ ತೆಗೆಯಿರಿ. ನಡುವೆ ಭೀಮಾ ನದಿ ಇಲ್ಲದಿದ್ದರೆ.

ಒಂದು ಉಪಕಾರ ಮಾಡಬೇಕು. ಜೊತೆಗಿಟ್ಟ ಸಿ.ಡಿ.ಯಲ್ಲಿನ ಫೋಟೊವನ್ನು ನಿಮ್ಮ ಪರಿಚಯದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ. ಈಗಿನ ಸ್ಟುಡಿಯೋದವರು ಕೇಳದೆಯೇ ಮುಖ ಬೆಳ್ಳಗೆ ಮಾಡಿಬಿಡುತ್ತಾರೆ. ಅನಸುಬಾಯಿ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ: "ನನ್ನ ಬಣ್ಣಕ್ಕ ಯಾರೂ ಕೈ ಹಚ್ಚಬ್ಯಾಡ್ರಿ."

ನಿಮ್ಮ ಋಣದಲ್ಲಿರುವ,
ಭಗವಂತ