ಎಂಟೂ ಹತ್ತರ ಬಸ್ಸೂ ನಮ್ಮಮ್ಮನ ಸೀಟೂ

ಯಾವೂರಿಗೆ ಬಸ್ಸು, ಯಾವೂರಿಗೆ ಧೂಳು ಎಂದು ತೀರ್ಮಾನಿಸುವ ಮಾನ್ಯರೇ,

ಪಕ್ಕದ ಕಂಬದಪಾಳ್ಯದ ಮೇಲೆ ನನಗೆ ಹೊಟ್ಟೆಕಿಚ್ಚು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ತಾವು ಕಂಡುಹಿಡಿದಂತೆ ಬೀಗುವುದು ಬೇಡ. ನಮ್ಮ ಸಿದ್ದನಕಟ್ಟೆಯಿಂದ ಮಧುಗಿರಿಗೆ ಹೋಗುತ್ತಿದ್ದ ಎಂಟೂ ಹತ್ತರ ಬಸ್ಸನ್ನು ಆರು ತಿಂಗಳ ಹಿಂದೆ ಕಿತ್ತು ಅವರಿಗೆ ಕೊಟ್ಟಿರಿ. ಕಾರಣ ಕೇಳಿದರೆ ‘ಮಾರ್ಗ ಪರಿಷ್ಕರಣೆ’ ಎಂದಿರಿ. ಅದೇ ತಾವು ಮೊನ್ನೆ ಸೌಹಾರ್ದ ಸಭೆಯಲ್ಲಿ ಹಾರ ಹಾಕಿಸಿಕೊಂಡು, ಹಳ್ಳಿಯ ಜನ ಒಬ್ಬರೊಡನೊಬ್ಬರು ಬೆರೆಯಬೇಕು ಎಂದು ಮುಕ್ಕಾಲು ಗಂಟೆ ಮಾತಾಡಿದಿರಂತೆ. ಸ್ವಾಮಿ, ಆ ಕೆಲಸವನ್ನು ನಿಮ್ಮದೇ ಬಸ್ಸು ಹಾರವಿಲ್ಲದೆ, ಭಾಷಣದ ಭಾರವಿಲ್ಲದೆ ದಿನಾ ಮಾಡುತ್ತಿತ್ತಲ್ಲ? ಸೀಟು ಸಿಕ್ಕರೆ ಸಾಕು, ಪಕ್ಕದಲ್ಲಿ ಯಾರೆಂದು ಯಾಕೆ ಬೇಕು ಎನ್ನುವಂಥ ಜಾಗ ನಮ್ಮೂರಿಗೆ ಇದ್ದದ್ದು ಅದೊಂದೇ.

ಸಾಕ್ಷಿ ಬೇಕೇ? ನಮ್ಮಮ್ಮ ಕಮಲಾಕ್ಷಮ್ಮ ಮೇಲಿನ ಬೀದಿಯವಳು, ಕನಕಾಂಬರ ಮಾರುತ್ತಾಳೆ. ಪುಟ್ಟಕ್ಕ ಕಾಲೋನಿಯವಳು, ಸೊಪ್ಪು ಮಾರುತ್ತಾಳೆ. ಹನ್ನೆರಡು ವರ್ಷ ಇಬ್ಬರದೂ ಒಂದೇ ಸೀಟು, ಡ್ರೈವರ್ ಹಿಂದಿನ ಮೂರನೆಯದು. ಇವಳ ಬುಟ್ಟಿ ಅವಳ ತೊಡೆಯ ಮೇಲೆ, ಅವಳ ಕಡಲೆಕಾಯಿ ಇವಳ ಬಾಯಲ್ಲಿ. ಬಸ್ಸಿನೊಳಗೆ ‘ಕಮಲಕ್ಕ’ ಎನ್ನುತ್ತಿದ್ದ ಪುಟ್ಟಕ್ಕ, ಊರಲ್ಲಿ ಇಳಿದ ಕೂಡಲೇ ‘ಅಮ್ನೋರೆ’ ಎನ್ನುತ್ತಿದ್ದಳು. ನಮ್ಮಮ್ಮನೂ ಅವಳನ್ನು ಜಗುಲಿ ದಾಟಿಸಿ ಒಳಗೆ ಕರೆದವಳಲ್ಲ. ನೋಡಿಕೊಂಡು ಸುಮ್ಮನಿದ್ದ ಪದವೀಧರ ನಾನು.

ಬಸ್ಸು ಹೋಯಿತು, ಎರಡು ಆಟೋ ಬಂದವು. ಯಾರೂ ಬೋರ್ಡು ಬರೆದು ಹಾಕಲಿಲ್ಲ. ಆದರೂ ಗಂಗಾಧರನ ಆಟೋ ಮೇಲಿನ ಬೀದಿಗೆ, ಇನ್ನೊಂದು ಕಾಲೋನಿಗೆ ಎಂದಾಯಿತು. ಕಾಲೋನಿಯದು ಬಾರದ ಒಂದು ದಿನ ಪುಟ್ಟಕ್ಕ ಗಂಗಾಧರನಿಗೆ ಕೈ ಅಡ್ಡ ಹಿಡಿದಳು. ಆಟೋ ಅರ್ಧ ಖಾಲಿಯಿತ್ತು. ಅವನು ನಿಲ್ಲಿಸಲಿಲ್ಲ. ಒಳಗಿದ್ದ ನಾನು ಫೋನು ನೋಡಿಕೊಂಡೆ.

ಅಂದಿನಿಂದ ಪುಟ್ಟಕ್ಕ ಯಾವ ಆಟೋಗೂ ಕೈ ಅಡ್ಡ ಹಿಡಿಯದೆ ಸೊಪ್ಪಿನ ಗಂಟು ಹೊತ್ತು ಮೂರು ಕಿಲೋಮೀಟರ್ ನಡೆದು ಕಂಬದಪಾಳ್ಯದಲ್ಲಿ ಬಸ್ಸು ಹತ್ತುತ್ತಾಳೆ. ಹೋದ ವಾರ ಗಂಗಾಧರನ ಆಟೋ ಕೆಟ್ಟು ನಾನೂ ಅಲ್ಲಿಗೇ ಹೋದೆ. ಮೂರನೇ ಸೀಟಿನಲ್ಲಿ ಪುಟ್ಟಕ್ಕ, ಪಕ್ಕದಲ್ಲಿ ಕಂಬದಪಾಳ್ಯದ ಮೇಲಿನ ಬೀದಿಯ ಜಗದಾಂಬ. ಬಸ್ಸು ಹತ್ತುವ ಮುಂಚೆ ಪುಟ್ಟಕ್ಕನಿಗೆ ಜಗದಾಂಬನ ಮನೆಯೊಳಗೇ ಕೂತು ಕಾಫಿ ಕುಡಿಯುವುದು ಅಭ್ಯಾಸವಾಗಿದೆ ಎಂದು ಕಂಡಕ್ಟರ್ ಹೇಳಿದ. ಮನೆಗೆ ಬಂದು ಕಾಫಿಯ ಸಂಗತಿ ಬಿಟ್ಟು ಉಳಿದದ್ದು ಹೇಳಿದೆ. ಹೂವು ಕಟ್ಟುತ್ತಿದ್ದ ಅಮ್ಮನ ಕೈ ನಿಂತಿತು.

“ಕಿಟಕಿ ಪಕ್ಕ ಯಾರ್ಲಾ ಕೂತಿದ್ರು?”

“ಜಗದಾಂಬ.”

“ಅದು ನನ್ ಜಾಗ ಕಣ್ಲಾ. ಪುಟ್ಟಕ್ಕಂಗೇನಾಗಿತ್ತು, ಅದನ್ನ ಖಾಲಿ ಬಿಡಕ್ಕೆ?”

ಅಷ್ಟೊಂದು ಆಸೆಯಿದ್ದರೆ ಪುಟ್ಟಕ್ಕನ ಮನೆಗೇ ಹೋಗಿ ಮಾತಾಡಿಸು, ನೂರು ಹೆಜ್ಜೆಯಲ್ಲವೇ ಎಂದೆ. ಅಮ್ಮ ಮತ್ತೆ ಹೂವು ಕೈಗೆತ್ತಿಕೊಂಡಳು.

“ಹೋಗಿ ಏನಂತ ಕರೀಲಿ? ಬಸ್ಸಲ್ಲಾದ್ರೆ ಕರೆಯೋದೇ ಬ್ಯಾಡ, ಬಂದು ಕೂತ್ಕತಾಳೆ.”

ನೂರು ಹೆಜ್ಜೆ ದಾಟಲು ನಿಮಗೆ ಸರ್ಕಾರಿ ಬಸ್ಸೇ ಬೇಕೇ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ನಾಚಿಕೆ ನಮ್ಮದು, ರುಜು ಹಾಕಿ ಕೊಡುತ್ತೇನೆ. ಆದರೆ ನಾಚಿಕೆಯಿಲ್ಲದೆ ಒಟ್ಟಿಗೆ ಕೂರುತ್ತಿದ್ದ ಒಂದೇ ಒಂದು ಜಾಗವನ್ನು ನಮ್ಮನ್ನು ಕೇಳದೆ ಕಿತ್ತುಕೊಂಡದ್ದು ಯಾರ ನಾಚಿಕೆ?

ಬಸ್ಸನ್ನು ವಾಪಸು ಕೊಡಿ. ಆಗದಿದ್ದರೆ ಕಂಬದಪಾಳ್ಯದ ಬಸ್ಸನ್ನು ನಮ್ಮೂರ ಕವಲಿನಲ್ಲಿ ಒಂದು ನಿಮಿಷ ನಿಲ್ಲಿಸಿ. ನಿಲುಗಡೆಯ ಪಟ್ಟಿಯಲ್ಲಿಲ್ಲ ಎಂದು ಈಗ ಕೈ ತೋರಿದರೂ ನಿಲ್ಲುವುದಿಲ್ಲ; ಪಟ್ಟಿಗೆ ಸೇರಿಸಿ, ಲಿಖಿತವಾಗಿ ತಿಳಿಸಿ. ಕವಲಿಗೆ ಇರುವುದು ಒಂದೇ ದಾರಿ, ಕಾಲೋನಿಯ ನಡುವೆ, ಪುಟ್ಟಕ್ಕನ ಬಾಗಿಲ ಮುಂದೆಯೇ. ಅಮ್ಮನಿಗೆ ಇದನ್ನೂ ನೆನಪಿಸಿದೆ. ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸುತ್ತ ಅಂದಳು: “ಬಸ್ ನಿಲ್ತದೆ ಅನ್ನು, ಅವಳನ್ನ ಕೂಗ್ಕಂಡೇ ಹೋಯ್ತೀನಿ.”

ಇಂತಿ,
ಬಸ್ಸಿಲ್ಲದ, ಹೊಟ್ಟೆಕಿಚ್ಚು ಇನ್ನೂ ತಣಿಯದ,
ಹೆಸರಿನಲ್ಲಷ್ಟೇ ಪ್ರಸನ್ನನಾದ
ಪ್ರಸನ್ನ ಕುಮಾರ್, ಸಿದ್ದನಕಟ್ಟೆ